ಬಟನ್ನಿಗೂ ಒಂದು ಮುಹೂರ್ತ

ಕಪ್ಪು ಪರದೆ. ನಾದಸ್ವರದ ಒಂದು ಎಳೆ ಮೆಲ್ಲಗೆ ಮೇಲೇಳುತ್ತದೆ, ಅದರ ಬೆನ್ನಿಗೇ ಡೋಲಿನ ಮೊದಲ ಪೆಟ್ಟು. ಮೇಲಿನಿಂದ ಸೇವಂತಿಗೆಯ ಎಸಳುಗಳು ಉದುರತೊಡಗುತ್ತವೆ. ಬಲಗಡೆ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಬಾಸಿಂಗ ಕಟ್ಟಿದ ಹುಡುಗ, ತಲೆ ತಗ್ಗಿಸಿ ನಗು ತಡೆದುಕೊಂಡ ಹುಡುಗಿ. ಎಡಗಡೆಯ ಖಾಲಿ ಜಾಗಕ್ಕೆ ಒಂದೊಂದಾಗಿ ನಾಲ್ಕು ಹೆಸರು ತೇಲಿ ಬರುತ್ತವೆ: ಚಪ್ಪರ, ಆರತಕ್ಷತೆ, ಧಾರೆ, ಬೀಗರೂಟ. ಕೊನೆಯದು ಬಂದು ತನ್ನ ಸಾಲಿನಲ್ಲಿ ನಿಂತು, ಒಂದು ಉಸಿರಿನಷ್ಟು ಹೊತ್ತು ಕಳೆದ ಮೇಲೆ, 'ಚಪ್ಪರ'ದ ಅಡಿಯಲ್ಲಿ ಹಳದಿ ಗೆರೆಯೊಂದು ಮೂಡುತ್ತದೆ.

ಗೆರೆ ಮೂಡುವವರೆಗೆ ಅದು ಬರೀ ಚಿತ್ರ. ಮೂಡಿದ ಮೇಲೆ ಮೆನು. ಕೆಳಬಾಣ ಒತ್ತಿದರೆ ಗೆರೆ 'ಆರತಕ್ಷತೆ'ಗೆ ಇಳಿಯುತ್ತದೆ, ಓಕೆ ಒತ್ತಿದರೆ ಛತ್ರದ ಬಾಗಿಲು ತೆರೆಯುತ್ತದೆ. ಗೆರೆ ಮೂಡುವವರೆಗಿನ ಆರು ಸೆಕೆಂಡು ಮತ್ತು ಅದರ ನಂತರ ಸುತ್ತುತ್ತಲೇ ಇರುವ ಇಪ್ಪತ್ತನಾಲ್ಕು ಸೆಕೆಂಡು, ಒಟ್ಟು ಅರ್ಧ ನಿಮಿಷದ ಈ ತುಂಡಿಗಾಗಿ ಒಬ್ಬ ಹುಡುಗ ರಾತ್ರಿಯೆಲ್ಲ ಎದ್ದಿದ್ದಾನೆ.

ಜಾಗ ತಿಪಟೂರು. ಕಾಲ 2009ರ ಆಸುಪಾಸು, ಮದುವೆಯ ಸೀಸನ್ನು. ಕೊಬ್ಬರಿ ಮಂಡಿಯಿಂದ ಹೊರಟ ಲಾರಿಗಳು ಬೀದಿ ದಾಟುವಾಗ ಮಹಡಿಯ ಮೇಲೆ ಮದುವೆ ವಿಡಿಯೋ ಕತ್ತರಿಸಿ ಜೋಡಿಸುವ ಮಿಕ್ಸಿಂಗ್ ರೂಮಿನ ಕಿಟಕಿ ಗಾಜು ಸಣ್ಣಗೆ ನಡುಗುತ್ತದೆ. ಬೆಳಕು ಬರದಂತೆ ಕಿಟಕಿಗೆ ಹಳೇ ಫ್ಲೆಕ್ಸನ್ನು ತಿರುಗಿಸಿ ಬಡಿದಿದ್ದಾರೆ. ಸಿಪಿಯುವಿನ ಪಕ್ಕದ ತಗಡು ತೆಗೆದು, ಅದರ ಹೊಟ್ಟೆಗೆ ಗಾಳಿ ಬೀಸುವಂತೆ ಟೇಬಲ್ ಫ್ಯಾನು ಇಟ್ಟಿದ್ದಾರೆ. ಮೇಜಿನ ತುಂಬ ಮಿನಿ ಡಿವಿ ಟೇಪುಗಳು, ನಾಲ್ಕೈದನ್ನು ಸೇರಿಸಿ ರಬ್ಬರ್ ಬ್ಯಾಂಡು ಹಾಕಿ, ಮೇಲೆ ಹುಡುಗ ಹುಡುಗಿಯ ಹೆಸರು ಬರೆದ ಚೀಟಿ. ಮೂಲೆಯಲ್ಲಿ ಇಪ್ಪತ್ತೊಂದು ಇಂಚಿನ ಡಬ್ಬಾ ಟೀವಿ, ಅದರ ತಲೆಯ ಮೇಲೆ ಡಿವಿಡಿ ಪ್ಲೇಯರು, ಎರಡರ ನಡುವೆ ಹಳದಿ, ಕೆಂಪು, ಬಿಳಿ ಪಿನ್ನಿನ ವೈರು. ಕಂಪ್ಯೂಟರಿನ ಎರಡು ಮಾನಿಟರುಗಳಿದ್ದರೂ ಕೊನೆಯ ತೀರ್ಮಾನವಾಗುವುದು ಆ ಡಬ್ಬಾ ಟೀವಿಯ ಮುಂದೆಯೇ.

ಯಾಕೆಂದರೆ ಹುಡುಗ ಮಾಡುತ್ತಿರುವ ಈ ಮದುವೆ ಡಿವಿಡಿ ಹೋಗುವುದು ಮನೆಗೆ. ಅಲ್ಲಿ ರಿಮೋಟು ಹಿಡಿಯುವವರು ಅಜ್ಜಿಯೋ, ಅತ್ತೆಯೋ, ಎರಡನೇ ಕ್ಲಾಸಿನ ಹುಡುಗನೋ. ಡಿವಿಡಿಗೂ ಹಿಂದಿನ ವಿಸಿಡಿಗಳಲ್ಲಿ ಮೆನು ಇದ್ದರೂ ಅದು ನಿಂತ ಚಿತ್ರ. ಪರದೆಯ ಮೇಲೆ ಒಂದು, ಎರಡು, ಮೂರು ಎಂದು ಅಂಕಿ, ರಿಮೋಟಿನಲ್ಲಿ ಅದೇ ಅಂಕಿ ಒತ್ತಬೇಕು. 1996ರ ನವೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿವಿಡಿ ಈ ಲೆಕ್ಕವನ್ನೇ ಬದಲಿಸಿತು. ಮೆನು ಚಲಿಸಬಹುದು, ಹಾಡಬಹುದು, ಬಾಣದ ಗುರುತಿನಿಂದ ಬೇಕಾದ ಕಡೆ ಸರಿಯಬಹುದು. ಚಲನೆ ಬಂದದ್ದರಿಂದಲೇ ಒಂದು ಹೊಸ ಪ್ರಶ್ನೆಯೂ ಬಂತು: ಬಟನ್ನು ಬರುವುದು ಯಾವಾಗ?

ಬೆಳಿಗ್ಗೆ ಹತ್ತಕ್ಕೆ ಹುಡುಗಿಯ ತಂದೆ ಟ್ರಯಲ್ ನೋಡಲು ಮಹಡಿ ಹತ್ತಿ ಬರುತ್ತಾರೆ. ಪ್ಲಾಸ್ಟಿಕ್ ಕುರ್ಚಿ, ಸ್ಟೀಲ್ ಲೋಟದಲ್ಲಿ ಟೀ, ಕೈಗೆ ರಿಮೋಟು. ಹೂ ಉದುರುತ್ತದೆ, ಹೆಸರು ತೇಲಿ ಬರುತ್ತದೆ, ಯಜಮಾನರು 'ಚಪ್ಪರ' ನಿಂತ ಕೂಡಲೇ ಓಕೆ ಒತ್ತುತ್ತಾರೆ. ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತಾರೆ. ರಿಮೋಟನ್ನು ಅಂಗೈಗೆ ಬಡಿದು ಇನ್ನೊಮ್ಮೆ.

"ಇನ್ನೊಂದು ಗಳಿಗೆ ಯಜಮಾನ್ರೇ, ಹಳದಿ ಬರ್ಲಿ."

"ಹೆಸ್ರು ಬಂದೈತಲ್ಲಪ್ಪ ಕಣ್ಮುಂದೆ! ಬಂದ್ಮೇಲೆ ಒತ್ತಬಾರ್ದಾ?"

ಹುಡುಗ ತಲೆ ಕೆರೆದುಕೊಂಡು ನಗುತ್ತಾನೆ. ಆದರೆ ಯಜಮಾನರು ಹೊರಟ ಮೇಲೆ ಆ ಮಾತು ಅವನನ್ನು ಬಿಡುವುದಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆ, ಈ ಇಡೀ ಕಸುಬಿನ ಮೂಲಪ್ರಶ್ನೆ ಎಂದೇ ನನ್ನ ಅಭಿಪ್ರಾಯ. ಕಣ್ಣಿಗೆ ಕಂಡದ್ದು ಕೈಗೆ ಸಿಗಬೇಕು. ಸಿಗದ ಪ್ರತಿ ಸೆಕೆಂಡೂ ನೋಡುವವರಿಗೆ ತಮ್ಮ ಮೇಲೇ ಅನುಮಾನ ತರಿಸುತ್ತದೆ: ರಿಮೋಟಿನ ಸೆಲ್ಲು ಹೋಯಿತೇ, ನಾನೇ ತಪ್ಪು ಒತ್ತಿದೆನೇ, ಮಗಳನ್ನು ಕರೆಯಲೇ.

ಕಾಣುವುದು ಮತ್ತು ಸಿಗುವುದು ಡಿವಿಡಿಯೊಳಗೆ ಬೇರೆ ಬೇರೆ ಕಡೆ ಇವೆ. ತೊಡಕಿನ ಬೇರು ಅಲ್ಲಿದೆ. 'ಚಪ್ಪರ' ಎಂಬ ಅಕ್ಷರಗಳು ಹಿನ್ನೆಲೆಯ ವಿಡಿಯೋದಲ್ಲಿ ಹೂವು, ಚೌಕಟ್ಟುಗಳ ಜೊತೆಗೇ ಬೆರೆತುಹೋದ ಬಣ್ಣ. ಅವು ಬಟನ್ನೆಂದು ಪ್ಲೇಯರಿಗೆ ಗೊತ್ತೇ ಇಲ್ಲ. ಹಳದಿ ಗೆರೆ ಇರುವುದು ಆ ವಿಡಿಯೋದ ಮೇಲೆ ಹಾಸಿದ ಇನ್ನೊಂದು ತೆಳು ಪದರದಲ್ಲಿ, ಸಿನಿಮಾಕ್ಕೆ ಸಬ್‌ಟೈಟಲ್ ತೋರಿಸುವ ಅದೇ ಪದರ. ಇವೆರಡರ ಹಿಂದೆ, ಕಣ್ಣಿಗೆ ಕಾಣದ ಮೂರನೆಯದೊಂದಿದೆ: ಪರದೆಯ ಈ ಚೌಕದಿಂದ ಈ ಚೌಕದವರೆಗೆ ಮೊದಲನೇ ಬಟನ್ನು, ಕೆಳಬಾಣ ಒತ್ತಿದರೆ ಎರಡನೆಯದಕ್ಕೆ ಹೋಗು, ಓಕೆ ಒತ್ತಿದರೆ ಇಂಥ ಆಜ್ಞೆ ನಡೆಸು ಎಂಬ ಪಟ್ಟಿ. ಒಂದು ಬಟನ್ನಿಗೆ ಒಂದೇ ಆಜ್ಞೆ, ಅದರ ಉದ್ದ 8 ಬೈಟು. ಒಂದು ಪರದೆಗೆ ಹೆಚ್ಚೆಂದರೆ 36 ಬಟನ್ನು.

ಈ ಪಟ್ಟಿ ಒಂದೇ ಕಡೆ ಕೂತಿರುವುದಿಲ್ಲ. ವಿಡಿಯೋದ ಹರಿವಿನೊಳಗೆ ಸುಮಾರು ಅರ್ಧ ಸೆಕೆಂಡಿಗೊಂದರಂತೆ 2,048 ಬೈಟಿನ ಸಣ್ಣ ಪೊಟ್ಟಣಗಳು, ರೈಲು ಹಳಿಯ ಬದಿಯ ಸಿಗ್ನಲ್ ಕಂಬಗಳ ಹಾಗೆ, ನೆಟ್ಟುಕೊಂಡಿರುತ್ತವೆ. ನ್ಯಾವ್ ಪ್ಯಾಕ್ ಎಂದು ಅವುಗಳ ಹೆಸರು. ಲೇಸರ್ ಬೆಳಕು ಡಿಸ್ಕಿನ ಮೇಲೆ ಹಾಯುತ್ತ ಪ್ರತಿಯೊಂದು ಪೊಟ್ಟಣ ಬಂದಾಗಲೂ ಓದಿಕೊಳ್ಳುತ್ತದೆ: ಈಗ ಬಟನ್ನು ಇದೆಯೇ, ಇದ್ದರೆ ಯಾವ ಕ್ಷಣದಿಂದ? ಆ ಕ್ಷಣವನ್ನು ಬರೆದಿಡುವುದು ಒಂದು ಸೆಕೆಂಡನ್ನು 90,000 ಭಾಗ ಮಾಡಿದ ಗಡಿಯಾರದ ಲೆಕ್ಕದಲ್ಲಿ. ತಿಪಟೂರಿನ ಹುಡುಗ "ಆರು ಸೆಕೆಂಡಿಗೆ ಹಳದಿ" ಎಂದದ್ದನ್ನು ಡಿಸ್ಕು 5,40,000 ಎಂದು ನೆನಪಿಟ್ಟುಕೊಳ್ಳುತ್ತದೆ. ಇಷ್ಟು ನಾಜೂಕಿನ ಗಡಿಯಾರ ಕೊಟ್ಟವರು, ಅದನ್ನು ಚಿತ್ರಕ್ಕೆ ಹೊಂದಿಸುವ ಕೆಲಸವನ್ನು ಮಾತ್ರ ಮನುಷ್ಯನಿಗೇ ಬಿಟ್ಟರು.

ಹೊಂದಿಸದಿದ್ದರೆ ಏನಾಗುತ್ತದೆಂಬುದನ್ನು ಆ ಕಾಲದಲ್ಲಿ ಯಾವ ಮನೆಯಲ್ಲಾದರೂ ನೋಡಬಹುದಿತ್ತು. ಹೆಸರುಗಳು ಇನ್ನೂ ಬಂದೇ ಇಲ್ಲ, ಖಾಲಿ ಪರದೆಯ ನಡುವೆ ಹಳದಿ ಗೆರೆಯೊಂದು ಅನಾಥವಾಗಿ ನಿಂತಿದೆ. ಬಟನ್ನು ಮೊದಲ ಕ್ಷಣದಿಂದಲೇ ಎದ್ದು ಕೂತದ್ದರ ಫಲ ಅದು. ಅದಕ್ಕಿಂತ ಕೆಟ್ಟದ್ದು ಸುತ್ತು ಮುಗಿದಾಗ: ಮೆನು ಮತ್ತೆ ಕಪ್ಪು ಪರದೆಯಿಂದಲೇ ಶುರು. ನಿಂತಿದ್ದ ಹೆಸರುಗಳೆಲ್ಲ ಮಾಯ, ಮತ್ತೆ ಹೂವು, ಮತ್ತೆ ತೇಲಾಟ. 'ಧಾರೆ'ಯವರೆಗೆ ಗೆರೆ ಇಳಿಸಿ ಕನ್ನಡಕ ಹುಡುಕಲು ಹೋದ ಅಜ್ಜಿ ವಾಪಸು ಬರುವಷ್ಟರಲ್ಲಿ ಪರದೆ ಖಾಲಿ.

ಅದಕ್ಕೇ ಮೆನುವನ್ನು ಎರಡು ತುಂಡು ಮಾಡುತ್ತಾರೆ. ಮೊದಲ ತುಂಡು ಬರವು: ಹೂವು, ಹೆಸರು, ಬಟನ್ನಿಲ್ಲ. ಎರಡನೆಯದು ಇರವು: ಎಲ್ಲ ತಮ್ಮ ಜಾಗದಲ್ಲಿವೆ, ಬಟನ್ನು ಜೀವಂತ. ಮುಗಿದಾಗ ಹಾರುವುದು ಎರಡನೆಯದರ ತಲೆಗೇ ಹೊರತು ಮೊದಲನೆಯದರ ತಲೆಗಲ್ಲ. ಹುಡುಗ ಬಳಸುವ ಎನ್ಕೋರ್ ತಂತ್ರಾಂಶದಲ್ಲಿ ಇದಕ್ಕೆ ಒಂದೇ ಒಂದು ಪುಟ್ಟ ಖಾನೆ ಇದೆ, ಲೂಪ್ ಪಾಯಿಂಟ್. ಅಲ್ಲಿ ಬರೆದ ಕ್ಷಣಕ್ಕೆ ಬಟನ್ನು ಬರುತ್ತದೆ, ಸುತ್ತು ಹಾಕುವಾಗ ಮರಳುವುದೂ ಅಲ್ಲಿಗೇ. ಹಾಲಿವುಡ್ಡಿನ ಡಿಸ್ಕು ಮಾಡುವವರು ಸಿನಾರಿಸ್ಟ್ ಎಂಬ ದುಬಾರಿ ತಂತ್ರಾಂಶದಲ್ಲಿ ಇದನ್ನೇ ಆಜ್ಞೆ ಆಜ್ಞೆಯಾಗಿ ಬರೆಯುತ್ತಿದ್ದರು.

ಖಾನೆಯೇನೋ ಒಂದು. ಅದರಲ್ಲಿ ಯಾವ ಅಂಕಿ ಬರೆಯಬೇಕು?

ಹುಡುಗ ಇದನ್ನು ಬಿಡಿಸಿಕೊಂಡದ್ದು ಕಿವಿಯಿಂದ. ಅವನು ಆರಿಸಿಕೊಂಡ ನಾದಸ್ವರದ ತುಣುಕು ಆದಿತಾಳದ್ದು, ನಡೆ ನಿಮಿಷಕ್ಕೆ ಎಂಬತ್ತು ಎಣಿಕೆ. ಒಂದು ಎಣಿಕೆಗೆ ಮುಕ್ಕಾಲು ಸೆಕೆಂಡು, ಎಂಟು ಎಣಿಕೆಯ ಒಂದು ಆವರ್ತನಕ್ಕೆ ಆರು ಸೆಕೆಂಡು. ಬರವು ಒಂದು ಆವರ್ತನ, ಇರವು ನಾಲ್ಕು ಆವರ್ತನ. ನಮ್ಮ ಟೀವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ. ಹಾಗಾಗಿ ಮೊದಲ ತುಂಡು 150 ಚಿತ್ರ, ಎರಡನೆಯದು 600. ಇದರಲ್ಲಿ ಇನ್ನೊಂದು ಅನುಕೂಲವೂ ಸೇರಿಕೊಂಡಿತು. ಡಿವಿಡಿಯ ವಿಡಿಯೋ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಇಟ್ಟುಕೊಳ್ಳುವುದಿಲ್ಲ. ಒಂದನ್ನು ಪೂರ್ತಿ ಇಟ್ಟು, ಮುಂದಿನ ಕೆಲವಕ್ಕೆ ವ್ಯತ್ಯಾಸ ಮಾತ್ರ ಬರೆದುಕೊಳ್ಳುತ್ತದೆ. ಪಾಲ್‌ನಲ್ಲಿ ಇಂಥ ಒಂದು ಗುಂಪು ಹೆಚ್ಚೆಂದರೆ 15 ಚಿತ್ರದ್ದು. ಹಾರಿ ಬರುವುದು ಗುಂಪಿನ ತಲೆಯಲ್ಲಿರುವ ಪೂರ್ಣ ಚಿತ್ರಕ್ಕೇ ಆಗಬೇಕು, ನಡುವಿಗೆ ಬಂದರೆ ಕಟ್ಟಿಕೊಳ್ಳಲು ಬುನಾದಿ ಇರುವುದಿಲ್ಲ. ಹದಿನೈದರ ಗುಂಪಿಟ್ಟರೆ 150ಕ್ಕೆ ಸರಿಯಾಗಿ ಹತ್ತು ಗುಂಪು, 600ಕ್ಕೆ ನಲವತ್ತು. ತಾಳದ ಸಮವೂ ಪೂರ್ಣ ಚಿತ್ರವೂ ಒಂದೇ ಬಿಂದುವಿನಲ್ಲಿ ಬಂದು ಕೂತವು.

ಯಜಮಾನರ ಮಾತಿನ ನಂತರ ಅವನು ಬದಲಿಸಿದ್ದು ಹೆಸರುಗಳ ನಡಿಗೆಯನ್ನು. ಮೊದಲು 'ಚಪ್ಪರ' ಎರಡನೇ ಸೆಕೆಂಡಿಗೇ ಬಂದು ನಿಂತು, ಉಳಿದವರಿಗಾಗಿ ನಾಲ್ಕು ಸೆಕೆಂಡು ಕಾಯುತ್ತಿತ್ತು. ಯಜಮಾನರ ಬೆರಳು ಬಿದ್ದದ್ದು ಆ ನಾಲ್ಕು ಸೆಕೆಂಡಿನೊಳಗೆ. ಈಗ ನಾಲ್ಕೂ ಹೆಸರು ಮಸುಕು ಮಸುಕಾಗಿ ಒಟ್ಟಿಗೇ ಚಲಿಸುತ್ತವೆ, ಓದಲು ಬರುವಷ್ಟು ಸ್ಪಷ್ಟವಾಗುವುದು ಐದನೇ ಸೆಕೆಂಡು ದಾಟಿದ ಮೇಲೆ, ನಿಲ್ಲುವುದು 138ನೇ ಚಿತ್ರಕ್ಕೆ. ಅಲ್ಲಿಂದ ಹನ್ನೆರಡು ಚಿತ್ರ, ಅಂದರೆ ಅರ್ಧ ಸೆಕೆಂಡಿಗಿಂತ ಒಂದು ಕೂದಲೆಳೆ ಕಡಿಮೆ, ಕಣ್ಣು ನೆಲೆಗೊಳ್ಳುವುದಕ್ಕೆ. ಆಮೇಲೆ ಡೋಲು ಸಮಕ್ಕೆ ಬೀಳುತ್ತದೆ, ಗೆರೆ ಮೂಡುತ್ತದೆ. ಈ ಹನ್ನೆರಡು ಚಿತ್ರಗಳ ಬಿಡುವನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಒಂದೇ ಬಾರಿಗೆ ಹೆಸರೂ ಗೆರೆಯೂ ಬಂದರೆ ಕಣ್ಣು ಗೆರೆಗೆ ಓಡುತ್ತದೆ, ಹೆಸರು ಓದುವುದಿಲ್ಲ. ತಡವಾದರೆ ಕೈ ಮುಂದೆ ಓಡುತ್ತದೆ. ಇವೆರಡರ ನಡುವಿನ ಆ ಸಂದನ್ನು ಅವನು ಸ್ವಂತ ಅಮ್ಮನ ಕೈಗೆ ರಿಮೋಟು ಕೊಟ್ಟು, ಅವರ ಬೆರಳನ್ನೇ ನೋಡುತ್ತ ಕೂತು ಗೊತ್ತು ಮಾಡಿಕೊಂಡ.

ಒಂದು ಮಾತು ಇಲ್ಲಿ ಹೇಳಬೇಕು. ಸುತ್ತುವ ಮೆನುವಿಗೆ ಅವನು ಗಟ್ಟಿಮೇಳವನ್ನು ಎಂದೂ ಹಾಕುವುದಿಲ್ಲ. ಅದು ತಾಳಿ ಕಟ್ಟುವ ಗಳಿಗೆಯದು, ಇಪ್ಪತ್ತನಾಲ್ಕು ಸೆಕೆಂಡಿಗೊಮ್ಮೆ ಬಾರಿಸುವಂಥದ್ದಲ್ಲ ಎಂಬುದು ಅವನ ಖಚಿತ ನಿಲುವು. ಗಿರಾಕಿ ಕೇಳಿದರೂ ಒಪ್ಪಿಸಿ ಬೇರೆ ತುಣುಕು ಹಾಕುತ್ತಾನೆ.

ಇನ್ನು ಸುತ್ತಿನ ಹೊಲಿಗೆ. ಕಂಪ್ಯೂಟರಿನ ಮಾನಿಟರಿನಲ್ಲಿ ಹೊಲಿಗೆ ಕಾಣುವುದೇ ಇಲ್ಲ, ಹಾರ್ಡ್ ಡಿಸ್ಕು ಕಣ್ಣೆವೆಯಿಕ್ಕುವುದರೊಳಗೆ ಹಿಂದಕ್ಕೆ ಹೋಗಿಬಿಡುತ್ತದೆ. ಮೂಲೆಯ ಪ್ಲೇಯರಿನ ಕಥೆ ಬೇರೆ. ಇರವು ಮುಗಿದಾಗ ಅದು ಕೈಯಲ್ಲಿ ತುಂಬಿಟ್ಟುಕೊಂಡಿದ್ದ ಚಿತ್ರಗಳನ್ನೆಲ್ಲ ಖಾಲಿ ಮಾಡಿ, ಲೇಸರ್ ತಲೆಯನ್ನು ಹಿಂದಕ್ಕೆ ಸರಿಸಿ, ಜಾಗ ಹುಡುಕಿ, ಮತ್ತೆ ತುಂಬಿಸಿಕೊಳ್ಳಬೇಕು. ಆ ಹೊತ್ತು ಚಿತ್ರ ಗಕ್ಕನೆ ನಿಲ್ಲುತ್ತದೆ, ಸದ್ದು ಕತ್ತರಿಸುತ್ತದೆ, ಹಳದಿ ಗೆರೆ ಒಮ್ಮೆ ಮಾಯವಾಗಿ ಬರುತ್ತದೆ. ಕೆಲವು ಪ್ಲೇಯರುಗಳಲ್ಲಿ ರೆಪ್ಪೆ ಬಡಿಯುವಷ್ಟು, ಕೆಲವದರಲ್ಲಿ ಒಂದು ಸೆಕೆಂಡಿನ ಹತ್ತಿರ. ಟ್ರಯಲ್ಲನ್ನು ಅವನು ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕಿಗೆ ಹಾಕಿ ಡಬ್ಬಾ ಟೀವಿಯಲ್ಲೇ ನೋಡುವುದು ಇದಕ್ಕಾಗಿ.

ಹೊಲಿಗೆಯನ್ನು ಅಳಿಸಲಾಗುವುದಿಲ್ಲ, ಮುಚ್ಚಬಹುದು. ನಾಲ್ಕನೇ ಆವರ್ತನದ ಕೊನೆಯ ಎರಡು ಎಣಿಕೆಗಳಲ್ಲಿ ನಾದಸ್ವರದವರು ಉಸಿರು ತೆಗೆದುಕೊಳ್ಳುವಂತೆ ಅವನು ಸ್ವರವನ್ನು ಇಳಿಸುತ್ತಾನೆ. ಮೌನಕ್ಕೆ ಬಂದ ಮೇಲೆ ಹಾರಿದರೆ ಕಿವಿಗೆ ಕತ್ತರಿ ಕೇಳಿಸುವುದಿಲ್ಲ. ಎಸಳುಗಳಲ್ಲೂ ಅದೇ ಎಚ್ಚರ: 750ನೇ ಚಿತ್ರದ ನಂತರ ಬರಬೇಕಾದದ್ದು 151ನೆಯದು, ಒಂದನೆಯದಲ್ಲ, ಕೊನೆಯ ಎಸಳು ನೆಲ ಮುಟ್ಟಿದ ಜಾಗದಿಂದಲೇ ಸುತ್ತು ಮುಂದುವರಿಯಬೇಕು. ಇನ್ನೂ ಒಳ್ಳೆಯ ದಾರಿಯೆಂದರೆ ಸುತ್ತನ್ನೇ ನಾಲ್ಕು ಬಾರಿ ಸಾಲಾಗಿ ಜೋಡಿಸಿ ಸುಮಾರು ಒಂದೂವರೆ ನಿಮಿಷದ ಉದ್ದ ತುಂಡು ಮಾಡುವುದು, ಆಗ ಹೊಲಿಗೆ ಅಪರೂಪವಾಗುತ್ತದೆ. ಆದರೆ ಜಾಗ? ಒಂದು ಪದರದ ಡಿಸ್ಕು 4.7 ಜಿಬಿ. ಮೂರು ಗಂಟೆಯ ಮದುವೆಯನ್ನು ಅದರಲ್ಲಿ ಹಿಡಿಸಬೇಕಾದರೆ ಸೆಕೆಂಡಿಗೆ ಸುಮಾರು ಮೂರೂವರೆ ಮೆಗಾಬಿಟ್ಟಿಗಿಂತ ಹೆಚ್ಚು ಕೊಡಲಾಗದು. ಮೆನು ಚೆಂದ ಕಾಣಲು ಎಂಟು ಬೇಕು. ಅರ್ಧ ನಿಮಿಷದ ಮೆನುವೇ 30 ಎಂಬಿ ತಿನ್ನುತ್ತದೆ, ಅಂದರೆ ಬೀಗರೂಟದ ಒಂದು ನಿಮಿಷಕ್ಕೂ ಹೆಚ್ಚು. ಪಂಕ್ತಿಯಲ್ಲಿ ಕೂತ ಎಷ್ಟು ಮುಖಗಳು ಒಂದು ನಿಮಿಷದಲ್ಲಿ ಹಾದುಹೋಗುತ್ತವೆಂದು ಬಲ್ಲ ಹುಡುಗ ನಾಲ್ಕು ಸುತ್ತಿನ ಆಸೆ ಬಿಡುತ್ತಾನೆ. ನಾನಾದರೂ ಹಾಗೇ ಮಾಡುತ್ತಿದ್ದೆ. ಮುಖಗಳನ್ನು ಬಿಟ್ಟು ಹೂವನ್ನು ಉಳಿಸಿಕೊಳ್ಳುವುದು ತಪ್ಪಾಗುತ್ತಿತ್ತು.

ಗೆರೆಯೇ ಯಾಕೆ, ಅಕ್ಷರವೇ ಬಣ್ಣ ಬದಲಿಸಬಾರದೇ? ಅದಕ್ಕೂ ಕಾರಣವಿದೆ. ಮೇಲಿನ ತೆಳು ಪದರ ಬಹಳ ಬಡವ. ಒಂದು ಚುಕ್ಕಿಗೆ ಎರಡೇ ಬಿಟ್, ಹಾಗಾಗಿ ಒಟ್ಟು ನಾಲ್ಕು ಬಗೆಯ ಚುಕ್ಕಿ, ಅದರಲ್ಲಿ ಒಂದು ಸಾಮಾನ್ಯವಾಗಿ ಪಾರದರ್ಶಕಕ್ಕೇ ಹೋಗುತ್ತದೆ. ಬಣ್ಣ ಆರಿಸಿಕೊಳ್ಳಲು ಹದಿನಾರರ ಪಟ್ಟಿ, ದಟ್ಟ ತಿಳಿಗೆ ಹದಿನಾರು ಮೆಟ್ಟಿಲು. ಇಷ್ಟರಲ್ಲಿ ಕನ್ನಡದ ದುಂಡು ಅಕ್ಷರದ ಅಂಚನ್ನು ನುಣುಪಾಗಿ ಬರೆಯಲಾಗುವುದಿಲ್ಲ. 'ಧಾರೆ'ಯ ಹೊಟ್ಟೆ ಗರಗಸದ ಹಲ್ಲಾಗುತ್ತದೆ. ಮತ್ತೆ ಡಬ್ಬಾ ಟೀವಿ ಚಿತ್ರವನ್ನು ಬೆಸ ಗೆರೆ ಒಮ್ಮೆ, ಸರಿ ಗೆರೆ ಒಮ್ಮೆ ಎಂದು ಎರಡು ಕಂತಿನಲ್ಲಿ ಬಿಡಿಸುತ್ತದೆ. ತಲೆಕಟ್ಟು ಒಂದೇ ಗೆರೆಯಷ್ಟು ತೆಳುವಿದ್ದರೆ ಅದು ಒಂದು ಕಂತಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದೆ ಪಟಪಟ ಮಿಡಿಯುತ್ತದೆ. ಅದಕ್ಕೇ ಅವನು ದಪ್ಪ ಫಾಂಟನ್ನೇ ಹುಡುಕುತ್ತಾನೆ, ಹಳದಿ ಗೆರೆಯನ್ನು ನಾಲ್ಕು ಗೆರೆಯಷ್ಟು ದಪ್ಪ ಎಳೆಯುತ್ತಾನೆ, ಟೀವಿಯ ಚೌಕಟ್ಟು ನುಂಗದಂತೆ ಎಲ್ಲವನ್ನೂ ಅಂಚಿನಿಂದ ಒಳಗೆ ತರುತ್ತಾನೆ.

ಸುತ್ತು ಹೊಸದಾಗಿ ಶುರುವಾದಾಗ ಗೆರೆ ಎಲ್ಲಿರಬೇಕೆಂಬುದು ಇನ್ನೊಂದು ಸೂಕ್ಷ್ಮ. ಪ್ಲೇಯರು ಯಾವ ಬಟನ್ನಿನ ಮೇಲೆ ನಿಂತಿದ್ದೇವೆಂಬುದನ್ನು ನೆನಪಿಟ್ಟುಕೊಳ್ಳುತ್ತದೆ, ಅದಕ್ಕೊಂದು ಖಾಯಂ ಗೂಡೇ ಇದೆ. ಆದರೆ "ಶುರುವಾದಾಗ ಒಂದನೇ ಬಟನ್ನನ್ನೇ ಹಿಡಿ" ಎಂಬ ಸೂಚನೆ ಎರಡನೇ ತುಂಡಿನ ತಲೆಯಲ್ಲಿ ಉಳಿದುಬಿಟ್ಟರೆ ಪ್ರತಿ ಸುತ್ತಿಗೂ ಗೆರೆ ಮೇಲಕ್ಕೆ ಹಾರಿ 'ಚಪ್ಪರ'ಕ್ಕೆ ಹೋಗುತ್ತದೆ. 'ಬೀಗರೂಟ' ಒತ್ತಲು ಬೆರಳೆತ್ತಿದವರಿಗೆ ಚಪ್ಪರ ತೆರೆದುಕೊಳ್ಳುತ್ತದೆ. ನೋಡುವವರು ಆರಿಸಿದ ಜಾಗವನ್ನು ಯಂತ್ರ ತಾನಾಗಿ ಬದಲಿಸಬಾರದು. ಹಾಗೆಯೇ ಧಾರೆ ನೋಡುತ್ತಿದ್ದವರು ನಡುವೆ ಮೆನು ಒತ್ತಿ ವಾಪಸು ಬಂದರೆ ಹೂವು ತೇಲಾಟವೆಲ್ಲ ಮತ್ತೆ ಬೇಡ; ನೇರವಾಗಿ ಇರವಿಗೇ ಬರಬೇಕು, ಗೆರೆ 'ಧಾರೆ'ಯ ಮೇಲೇ ಇರಬೇಕು. ಡಿಸ್ಕು ಮಾಡುವವರ ಉಪಯೋಗಕ್ಕೆಂದು ಪ್ಲೇಯರಿನಲ್ಲಿ 16 ಪುಟ್ಟ ಗೂಡುಗಳಿವೆ. ಒಂದರಲ್ಲಿ "ಬರವು ನೋಡಿ ಆಗಿದೆ" ಎಂದು ಗುರುತು ಹಾಕಿಟ್ಟರೆ ಸಾಕು.

ಬರವನ್ನು ಉದ್ದ ಮಾಡುವ ಚಪಲ ಆ ಕಾಲದಲ್ಲಿ ಬಹಳವಿತ್ತು. ಸಿನಿಮಾ ಡಿಸ್ಕುಗಳಲ್ಲಿ ಕ್ಯಾಮೆರಾ ಕೋಟೆಯೊಳಗೆ ಹಾರಿ, ಓಣಿ ಸುತ್ತಿ, ಬಾಗಿಲು ತೆರೆದು ಕೊನೆಗೆ ಬಟನ್ನು ತೋರಿಸುವುದು. ಮೊದಲ ಸಲ ಮೈ ಜುಮ್ಮೆನ್ನುತ್ತದೆ, ಹತ್ತನೇ ಸಲ ಹಲ್ಲು ಕಡಿಯುವಂತಾಗುತ್ತದೆ. ಅದರ ಜೊತೆಗೆ ಎಚ್ಚರಿಕೆಯ ಫಲಕಗಳನ್ನು ದಾಟದಂತೆ ರಿಮೋಟಿನ ಕೈ ಕಟ್ಟಿಹಾಕುವ ಸವಲತ್ತನ್ನೂ ಡಿವಿಡಿಯ ನಿಯಮ ಕೊಟ್ಟಿತ್ತು. ದುಡ್ಡು ಕೊಟ್ಟು ಕೊಂಡವರನ್ನೇ ಕಾಯಿಸುವುದು ನನಗೆ ಎಂದೂ ಸರಿಯೆನಿಸಲಿಲ್ಲ. ಮಿಕ್ಸಿಂಗ್ ರೂಮಿನ ಹುಡುಗ ಕಂಡುಕೊಂಡ ದಾರಿ ಇದಕ್ಕೆ ಪೂರ್ತಿ ಎದುರು. ಆರು ಸೆಕೆಂಡಿನ ಬರವಿನ ಮೇಲೆ ಅವನು ಪರದೆಯಗಲದ ಒಂದು ಕಾಣದ ಬಟನ್ನು ಹಾಸುತ್ತಾನೆ. ಬಣ್ಣವೆಲ್ಲ ಪಾರದರ್ಶಕ. ಯಾರಾದರೂ ಅವಸರದಲ್ಲಿ ಓಕೆ ಒತ್ತಿದರೆ ಮೆನು ಸೀದಾ ಇರವಿಗೆ ಜಿಗಿಯುತ್ತದೆ, ಹೆಸರುಗಳು ನಿಂತಿವೆ, ಗೆರೆ ಸಿದ್ಧ. ಇದನ್ನು ಮಾಡಲು ಲೂಪ್ ಪಾಯಿಂಟ್ ಖಾನೆ ಸಾಲದು, ಬರವನ್ನೇ ಬೇರೊಂದು ಮೆನುವಾಗಿ ಕತ್ತರಿಸಬೇಕು, ಮುಗಿದಾಗ ಎರಡನೆಯದಕ್ಕೆ ಕೊಂಡಿ ಹಾಕಬೇಕು. ಮಾಡಿದ್ದಾನೆ. ಎರಡನೇ ಟ್ರಯಲ್ಲಿಗೆ ಬಂದ ಯಜಮಾನರು ಹಳೇ ರೂಢಿಯಲ್ಲಿ ಮೂರನೇ ಸೆಕೆಂಡಿಗೇ ಓಕೆ ಒತ್ತಿದರು. ಹೂವಿನ ನಡುವೆ ಪರದೆ ಒಮ್ಮೆ ಕಪ್ಪಾಗಿ, ನಾಲ್ಕು ಹೆಸರು ಹಳದಿ ಗೆರೆಯ ಸಮೇತ ಎದುರು ನಿಂತವು. "ಹಿಂಗಿರ್ಬೇಕು ನೋಡಪ್ಪ" ಎಂದರು, ಏನು ಬದಲಾಯಿತೆಂದು ಕೇಳಲಿಲ್ಲ.

ಬಟನ್ನು ಬರುವ ಕ್ಷಣವನ್ನೇ ಆಟ ಮಾಡಿದ ಡಿಸ್ಕೂ ಇದೆ. 1999ರಲ್ಲಿ ಬಂದ 'ದಿ ಮೇಟ್ರಿಕ್ಸ್' ಚಿತ್ರದ ಡಿವಿಡಿಯಲ್ಲಿ ಬಿಳಿ ಮೊಲದ ಒಂದು ಆಯ್ಕೆಯಿತ್ತು. ಅದನ್ನು ಆರಿಸಿ ಸಿನಿಮಾ ನೋಡುತ್ತಿದ್ದರೆ ಕೆಲವು ದೃಶ್ಯಗಳಲ್ಲಿ ಪರದೆಯ ಮೇಲೆ ಪುಟ್ಟ ಬಿಳಿ ಮೊಲ ಕಾಣಿಸಿಕೊಳ್ಳುತ್ತಿತ್ತು. ಅದು ಇರುವಾಗಲೇ ಓಕೆ ಒತ್ತಿದರೆ ಆ ದೃಶ್ಯವನ್ನು ಚಿತ್ರೀಕರಿಸಿದ ಬಗೆ ತೆರೆದುಕೊಂಡು, ಮುಗಿದ ಮೇಲೆ ಸಿನಿಮಾ ಮುಂದುವರಿಯುತ್ತಿತ್ತು. ಬಟನ್ನಿಗೆ ಹುಟ್ಟುವ ಕ್ಷಣದ ಹಾಗೆ ಅಳಿಯುವ ಕ್ಷಣವನ್ನೂ ಅದೇ ಪೊಟ್ಟಣದಲ್ಲಿ ಬರೆಯಬಹುದು. ಆ ಮೊಲ ಬದುಕಿದ್ದು ಆ ಎರಡು ಅಂಕಿಗಳ ನಡುವೆ.

ಎನ್ಕೋರ್‌ನ ಕೊನೆಯ ಆವೃತ್ತಿ ಬಂದದ್ದು 2012ರಲ್ಲಿ. ಈಗ ಅದೇ ಮಹಡಿಗೆ ಜನ ಬರುವುದು ಡಿಸ್ಕು ಹಿಡಿದುಕೊಂಡು, "ಇದನ್ನ ಪೆನ್ ಡ್ರೈವಿಗೆ ಹಾಕ್ಕೊಡಿ" ಎಂದು. ಮನೆಯಲ್ಲಿ ಪ್ಲೇಯರಿಲ್ಲ, ಲ್ಯಾಪ್‌ಟಾಪಿನಲ್ಲಿ ಡಿಸ್ಕಿನ ಬಾಯಿಯಿಲ್ಲ, ಬರೆದ ಡಿಸ್ಕಿನ ಬಣ್ಣದ ಪದರ ವರ್ಷಗಳಲ್ಲಿ ಮಾಸುತ್ತದೆ. ಬಹುತೇಕ ಕಡೆ ಇದನ್ನು ಎಂಪಿ4 ಮಾಡಿ ಕೊಡುತ್ತಾರೆ. ಡಿಸ್ಕಿನ ವಿಡಿಯೋ ಟಿಎಸ್ ಫೋಲ್ಡರಿನಲ್ಲಿ ಮದುವೆ 1 ಜಿಬಿ ಮೀರದ ತುಂಡುಗಳಾಗಿ ಕೂತಿರುತ್ತದೆ, ಮೆನು ಅದರ ಪಕ್ಕ ಬೇರೆಯೇ ಒಂದು ಸಣ್ಣ ಫೈಲು. ಪರಿವರ್ತಕ ತಂತ್ರಾಂಶ ದೊಡ್ಡ ತುಂಡುಗಳನ್ನಷ್ಟೇ ಎತ್ತಿಕೊಳ್ಳುತ್ತದೆ. ಮದುವೆ ಉಳಿಯುತ್ತದೆ, ಆರು ಸೆಕೆಂಡು ಹೋಗುತ್ತದೆ.

ನಮ್ಮ ಹುಡುಗ, ಈಗ ಹುಡುಗನೇನಲ್ಲ, ಎಂಪಿ4ಗೆ ಕೈ ಹಾಕುವ ಮುಂಚೆ ಡಿಸ್ಕಿನ ಪೂರ್ತಿ ಅಚ್ಚನ್ನು ಒಂದೇ ಐಎಸ್ಒ ಫೈಲಾಗಿ ತೆಗೆದುಕೊಳ್ಳುತ್ತಾನೆ. ಗಾತ್ರ ನಾಲ್ಕು ಜಿಬಿ ಮೀರುವುದುಂಟು, ಆದ್ದರಿಂದ ಪೆನ್ ಡ್ರೈವನ್ನು ಫ್ಯಾಟ್32ನಲ್ಲಿ ಬಿಡದೆ ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಳ್ಳುತ್ತಾನೆ. ಆ ಫೈಲನ್ನು ವಿಎಲ್‌ಸಿಯಲ್ಲಿ ತೆರೆದರೆ ಮೆನು ಹಾಗೇ ಬರುತ್ತದೆ, ಕೀಬೋರ್ಡಿನ ಬಾಣಗಳಿಗೆ ಗೆರೆ ಸರಿಯುತ್ತದೆ. ಇದಕ್ಕೆ ಅವನು ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಫೋಲ್ಡರಿನ ಹೆಸರನ್ನು ಮಾತ್ರ "ಮೆನು ಸಮೇತ" ಎಂದು ಬರೆದು, ಯಾವುದನ್ನು ಯಾವುದರಲ್ಲಿ ತೆರೆಯಬೇಕೆಂದು ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ ಕಳಿಸುತ್ತಾನೆ.